ಹಳದಿ ದಸ್ತಿ ಇದ್ದಾಕಿನೇ ಗುಬ್ಬಕ್ಕ: ಗುಳೆ ಹೋಗುವ ಮಕ್ಕಳ ಜೊತೆ ನಾಟಕ ಕಟ್ಟುವ ಬಗೆ

ಚಿಂಚೋಳಿ ತಾಲೂಕಿನ ಒಂದು ಲಂಬಾಣಿ ತಾಂಡಾದಲ್ಲಿ ನಾನು ಮಾಡಿಸಿದ ಮೊದಲ ನಾಟಕ ಆಡಲೇ ಇಲ್ಲ. ಕಾಗಕ್ಕ ಗುಬ್ಬಕ್ಕನ ಕತೆ, ಐದು ವಾರದ ತಾಲೀಮು. ಗುಬ್ಬಕ್ಕನ ಪಾರ್ಟು ಮಾಡುತ್ತಿದ್ದ ನಾಲ್ಕನೇ ಕ್ಲಾಸಿನ ಹುಡುಗಿಗೆ ತನ್ನದಷ್ಟೇ ಅಲ್ಲ, ಎಲ್ಲರ ಮಾತೂ ಬಾಯಿಪಾಠ. ಶನಿವಾರ ಆಟ. ಗುರುವಾರ ರಾತ್ರಿ ಅಪ್ಪ ಅವ್ವನ ಜೊತೆ ಮುಂಬೈ ಕಡೆಗೆ ಹೊರಟುಹೋದಳು. ತೊಗರಿ ರಾಶಿ ಮುಗಿದಿತ್ತು, ಕಟ್ಟಡದ ಕೆಲಸಕ್ಕೆ ಮೇಸ್ತ್ರಿ ಮುಂಗಡ ಕೊಟ್ಟಿದ್ದ. "ಹೋದ್ಲವ್ವಾ, ಮಳಿ ಬಿದ್ದ ಮ್ಯಾಲೇ ಬರ್ತಾಳ" ಎಂದಳು ಅಜ್ಜಿ. ಉಳಿದ ಮಕ್ಕಳು ಮುಖವಾಡ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದರು.

ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಹಳ್ಳಿ, ತಾಂಡಾಗಳ ಮಕ್ಕಳಿಗೆ ನಾಟಕ, ಹಾಡು, ಚಿತ್ರ ಕಲಿಸಬೇಕು ಅಂತ ಹೊರಟವರು ಮೊದಲು ಗುಳೆಯ ಲೆಕ್ಕ ಹಾಕಬೇಕು. ನಾನು ಅದನ್ನು ಹಾಕದೆ ಹೋಗಿದ್ದೆ.

ಈಗ ನಮ್ಮ ಕೆಲಸ ಶುರುವಾಗುವುದು ಜೂನ್‌ನಲ್ಲಿ. ಮಳೆ ಬಿದ್ದರೆ ಬಿತ್ತಲಿಕ್ಕೆ ಜನ ಊರಿಗೆ ಬರುತ್ತಾರೆ, ಮಕ್ಕಳು ಶಾಲೆಗೆ ಬರುತ್ತಾರೆ. ದೊಡ್ಡ ಆಟ ದೀಪಾವಳಿಯೊಳಗೆ ಮುಗಿಯಬೇಕು. ಆಮೇಲೆ ಕಬ್ಬು ಕಡಿಯುವವರು ಒಂದು ಕಡೆ, ರಾಶಿ ಮುಗಿಸಿ ಪುಣೆ, ಮುಂಬೈ, ಹೈದರಾಬಾದ್ ಹಿಡಿಯುವವರು ಇನ್ನೊಂದು ಕಡೆ. ಊರಲ್ಲಿ ಉಳಿಯುವ ಮಕ್ಕಳು ಅಜ್ಜಿಯರ ಕೈಯಲ್ಲಿರುತ್ತಾರೆ. ಅವರಿಗೆ ಚಳಿಗಾಲದಲ್ಲಿ ಚಿತ್ರ, ಮಣ್ಣಿನ ಕೆಲಸ, ಕತೆ ಸಾಕು. ಏಪ್ರಿಲ್, ಮೇ ಬಿಸಿಲಿನಲ್ಲಿ ಶಿಬಿರ ಮಾಡುವುದಾದರೆ ಮುಂಜಾನೆ ಏಳಕ್ಕೆ ಕೂತು ಒಂಬತ್ತೂವರೆಗೆ ಏಳಿ. ಶಹಾಬಾದ್ ಕಲ್ಲಿನ ನೆಲ ಹತ್ತರ ಮೇಲೆ ಕಾಲು ಸುಡುತ್ತದೆ, ಎಷ್ಟೋ ಮಕ್ಕಳಿಗೆ ಚಪ್ಪಲಿ ಇರುವುದಿಲ್ಲ.

ಹೋಗುವ ಮೊದಲು ಶಾಲೆಯ ಮುಖ್ಯ ಗುರುಗಳನ್ನೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನೂ ಕಂಡು, ಏನು ಮಾಡುತ್ತೀರಿ ಅಂತ ಬರೆದು ಕೊಡಿ. ತಾಂಡಾ ಆದರೆ ಅಲ್ಲಿನ ಮುಖ್ಯಸ್ಥರಾದ ನಾಯಕ, ಕಾರಭಾರಿಯ ಹತ್ತಿರ ಕೂತು ಚಹಾ ಕುಡಿದು ಮಾತಾಡಿ. ಅಲ್ಲಿಯ ಒಬ್ಬ ತಾಯಿಯೋ ಅಕ್ಕನೋ ಪ್ರತಿ ವಾರ ಜೊತೆಗಿರಬೇಕು. ಮನೆಯವರನ್ನು ಕೇಳದೆ ಮಕ್ಕಳ ಫೋಟೋ ತೆಗೆಯಬೇಡಿ, ಫೇಸ್‌ಬುಕ್ಕಿಗಂತೂ ಹಾಕಲೇಬೇಡಿ.

ಮೊದಲ ಮೂರು ಶನಿವಾರ ಏನೂ ಕಲಿಸಬೇಡಿ. ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಬೇವಿನ ಗಿಡದ ಕೆಳಗೆ ಕೂತು, ಅವರ ಆಟ ಅವರಿಂದ ಕಲಿಯಿರಿ. ಕ್ಲಾಸಿನಲ್ಲಿ ಬಾಯಿ ಬಿಡದ ಮಗು ಮನೆಯಲ್ಲಿ ಲಂಬಾಣಿಯಲ್ಲಿ ಪಟಪಟ ಮಾತಾಡುತ್ತಿರುತ್ತದೆ. ಸೇಡಂ, ಚಿಂಚೋಳಿ ಗಡಿಯಲ್ಲಿ ತೆಲುಗು, ಪಕ್ಕದ ಓಣಿಯಲ್ಲಿ ದಖನಿ ಉರ್ದು. ನಾಟಕದ ಮಾತು ಆ ಭಾಷೆಯಲ್ಲೇ ಹುಟ್ಟಲಿ, ಕನ್ನಡ ಹಾಡಿನ ಜೊತೆ ತಾನಾಗಿ ಬರುತ್ತದೆ. ಕಲೆ ನಾವು ಒಯ್ದು ಕೊಡುವ ವಸ್ತು ಅಂತ ನಾನೂ ಅಂದುಕೊಂಡಿದ್ದೆ. ಶ್ರಾವಣದ ತೀಜ್ ಹಬ್ಬದಲ್ಲಿ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಸಸಿ ಬೆಳೆಸಿ ಸುತ್ತಲೂ ಹಾಡಿ ಕುಣಿಯುವುದನ್ನು ನೋಡಿದೆ. ದೀಪಾವಳಿಗೆ ಅದೇ ಹುಡುಗಿಯರು ದೀಪ ಹಿಡಿದು ಮನೆ ಮನೆಗೆ ಮೇರಾ ಹಾಡುತ್ತ ಹೋಗುತ್ತಾರೆ. ಸುತ್ತು, ತಾಳ, ಒಟ್ಟಿಗೆ ಹೆಜ್ಜೆ ಹಾಕುವುದು, ನೋಡುವವರ ಮುಂದೆ ಅಂಜದೆ ನಿಲ್ಲುವುದು, ಎಲ್ಲವೂ ಅವರಿಗೆ ಬರುತ್ತಿತ್ತು.

ಇನ್ನು ಪಾರ್ಟು ಹಂಚುವುದು. ಇಲ್ಲೇ ಬಹಳ ಜನ ಸೋಲುತ್ತಾರೆ. ಚೆನ್ನಾಗಿ ಮಾತಾಡುವ ಒಂದು ಮಗುವಿಗೆ ದೊಡ್ಡ ಪಾರ್ಟು ಕೊಟ್ಟು, ಉಳಿದವರನ್ನು ಗಿಡ, ಕಲ್ಲು ಮಾಡಿ ನಿಲ್ಲಿಸುತ್ತಾರೆ. ಆ ಮಗು ಗುಳೆ ಹೋದರೆ ನಾಟಕ ಮುಗಿಯಿತು. ಹೋದ ಮಗುವಿಗೂ ತನ್ನಿಂದಲೇ ಕೆಟ್ಟಿತು ಎಂಬ ನೋವು. ನಮ್ಮ ಗುಬ್ಬಕ್ಕ ಮಳೆಗಾಲಕ್ಕೆ ಬಂದವಳು ಕೇಳಿದ ಮೊದಲ ಮಾತು, "ಅಕ್ಕಾ, ನನ್ ಸಲ್ಯಾಕ ಆಟ ನಿಂತಿತ್ತಾ?"

ಮರುವರ್ಷ ಅದೇ ಕತೆಯನ್ನು ಬೇರೆ ಥರ ಕಟ್ಟಿದೆವು. ಒಂದು ಹಳದಿ ದಸ್ತಿ, ಅಂದರೆ ಕರವಸ್ತ್ರ, ತಂದೆ. ಹೆಗಲ ಮೇಲೆ ಅದು ಯಾರಿಗಿದೆಯೋ ಅವರೇ ಗುಬ್ಬಕ್ಕ. ಕಪ್ಪು ದಸ್ತಿ ಕಾಗಕ್ಕನದು. ಕಾಗಕ್ಕನ ಸೆಗಣಿ ಮನೆ ಮಳೆಗೆ ಕೊಚ್ಚಿಹೋಗುವಾಗ ದಸ್ತಿ ಒಬ್ಬಳಿಂದ ಇನ್ನೊಬ್ಬಳಿಗೆ, ಅವಳಿಂದ ಹುಡುಗನಿಗೆ. ಉಳಿದವರೆಲ್ಲ ಮೇಳ. ಮೇಳಕ್ಕೆ ಎಲ್ಲ ಮಾತೂ ಗೊತ್ತು, ಯಾಕೆಂದರೆ ತಾಲೀಮಿನಲ್ಲಿ ಪ್ರತಿ ವಾರ ದಸ್ತಿ ಬೇರೆಯವರ ಹೆಗಲಿಗೆ ಹೋಗುತ್ತಿತ್ತು. ಒಂದು ಪಾತ್ರ ಕನಿಷ್ಠ ಮೂವರಿಗೆ ಬರುವವರೆಗೆ ಆಟದ ದಿನ ಗೊತ್ತು ಮಾಡಬೇಡಿ. ಆ ವರ್ಷ ಆಟಕ್ಕೆ ಮೊದಲು ನಾಲ್ಕು ಮಕ್ಕಳು ಹೋದರು, ಆಟ ನಿಲ್ಲಲಿಲ್ಲ. ತೊದಲುವ ಒಬ್ಬ ಹುಡುಗ ಮೇಳದ ಜೊತೆ ಸ್ಪಷ್ಟವಾಗಿ ಹಾಡಿದ್ದನ್ನು ಕೇಳಿ ಅವನ ಅಜ್ಜಿ ಕಣ್ಣೊರೆಸಿಕೊಂಡಳು. ಅಲ್ಲಿಂದ ಇಲ್ಲಿಯವರೆಗೆ ನಾನು ಒಬ್ಬರೇ ನಾಯಕರಾಗಿರುವ ನಾಟಕ ಮಾಡಿಸಿಲ್ಲ.

ಸಾಮಾನಿಗೆ ದುಡ್ಡು ಸುರಿಯಬೇಕಿಲ್ಲ. ಒಣಗಿದ ತೊಗರಿ ಕಟ್ಟಿಗೆಯೇ ಕತ್ತಿ, ಬಿಲ್ಲು, ಬೊಂಬೆಯ ಕೋಲು. ತುದಿಗೆ ಅರಿವೆ ಸುತ್ತಿ, ಕಣ್ಣಿಗೆ ಚುಚ್ಚದಂತೆ. ಮುಖವಾಡಕ್ಕೆ ಗಡಿಗೆ ಬೋರಲು ಹಾಕಿ, ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿ, ಹಳೆ ಪೇಪರಿನ ಪಟ್ಟಿಗಳನ್ನು ಮೈದಾ ಅಂಟಿನಲ್ಲಿ ಅದ್ದಿ ನಾಲ್ಕು ಪದರ ಹಚ್ಚಿ. ಒಂದು ಪದರ ಆರಿದ ಮೇಲೆ ಇನ್ನೊಂದು. ಶ್ರಾವಣದ ಜಿಟಿಜಿಟಿಯಲ್ಲಿ ಆರದಿದ್ದರೆ ಒಲೆಯ ಮಗ್ಗುಲಿಗಿಡಿ. ಬಣ್ಣಕ್ಕೆ ಅರಿಶಿನ, ಕೆಮ್ಮಣ್ಣು, ಮಸಿ. ಬಿಳಿಗೆ ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ, ಚಾಕ್‌ಪೀಸ್ ಪುಡಿ ಸಾಕು. ನಮ್ಮ ಎರೆಮಣ್ಣಿನಲ್ಲಿ ಬೊಂಬೆ ಮಾಡಿದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಸ್ವಲ್ಪ ಉಸುಕು, ಸಣ್ಣಗೆ ಕತ್ತರಿಸಿದ ಹುಲ್ಲು ಕಲಸಿ.

ಆಟಕ್ಕೆ ಗುಡಿಯ ಮುಂದಿನ ಕಟ್ಟೆ ಸಾಕು. ಕರೆಂಟು ನಂಬಬೇಡಿ, ಮೈಕ್ ಇಲ್ಲದೆ ಕೇಳುವಷ್ಟು ಜನ ಮೂರೂ ಕಡೆ ಹತ್ತಿರ ಕೂರಲಿ. ಹಲಗಿ ಬಾರಿಸುವ ಕಾಕಾ ಯಾವ ಊರಿನಲ್ಲೂ ಸಿಗುತ್ತಾರೆ. ಬಾರಿಸುವ ಮೊದಲು ಹಲಗಿ ಬೆಂಕಿಗೆ ಕಾಸಿ ಬಿಗಿ ಮಾಡಿಕೊಳ್ಳುವುದನ್ನು ಮಕ್ಕಳು ಸುತ್ತ ಕೂತು ನೋಡಲಿ, ಅದೂ ಪಾಠವೇ. ಅವರಿಗೆ ಕೂಲಿ ಕೊಡಿ, ಆಟಕ್ಕೆ ಮೊದಲೇ ಕೊಡಿ. ಹೊರಗಿನ ತಂಡ ಕರೆಸಿದರೆ ಒಂದೇ ಷರತ್ತು ಹಾಕಿ: ಆಟ ಮುಗಿದ ಮೇಲೆ ಒಂದು ತಾಸು ನಿಂತು, ಮಕ್ಕಳಿಗೆ ತಬಲಾ ಮುಟ್ಟಿಸಿ, ಕಿರೀಟ ಹಾಕಿಸಿ ಹೋಗಬೇಕು.

ವರ್ಷಕ್ಕೊಮ್ಮೆ ಮಕ್ಕಳನ್ನು ಕಲಬುರಗಿಗೆ ಕರೆದುಕೊಂಡು ಬನ್ನಿ. ಸರ್ಕಾರದ ನಾಟಕ ಸಂಸ್ಥೆಯಾದ ರಂಗಾಯಣದವರನ್ನು ಮೊದಲೇ ಕೇಳಿ, ಮಕ್ಕಳಿಗೆ ತಕ್ಕ ಆಟದ ದಿನ ಗೊತ್ತು ಮಾಡಿಕೊಳ್ಳಿ. ಎಸ್.ಎಂ. ಪಂಡಿತ್ ರಂಗಮಂದಿರದ ಬಾಗಿಲಲ್ಲಿ ನಾನು ಮಕ್ಕಳಿಗೆ ಹೇಳುವುದುಂಟು, ಈ ಹೆಸರು ನಮ್ಮ ಊರಲ್ಲೇ ಹುಟ್ಟಿ ಚಿತ್ರ ಬರೆದವರದು ಅಂತ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೂ ಜೊತೆಗೆ ಬರುವ ತಾಯಂದಿರಿಗೂ ಸಾದಾ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ತಾಯಂದಿರು ಆಧಾರ್ ತರಲಿ. ಹುಡುಗರ ಟಿಕೆಟ್ಟಿಗಷ್ಟೇ ದುಡ್ಡು ಕೂಡಿಸಿದರಾಯಿತು. ಸಂಜೆಯ ಆಟ ಬೇಡ, ಕತ್ತಲಾಗುವುದರೊಳಗೆ ಮಕ್ಕಳು ಮನೆ ಸೇರಬೇಕು.

ಆಟ ಮುಗಿದ ಮುಂದಿನ ಶನಿವಾರ ಮಾತ್ರ ತಪ್ಪಿಸಬೇಡಿ. ದೊಡ್ಡ ಕಾರ್ಯಕ್ರಮ ಮಾಡಿ ಫೋಟೋ ತೆಗೆಸಿಕೊಂಡು ಹೋದವರನ್ನು ಈ ಮಕ್ಕಳು ಬೇಕಾದಷ್ಟು ನೋಡಿದ್ದಾರೆ. ನೀವು ಮತ್ತೆ ಬಂದಿರಿ ಅಂತ ಗೊತ್ತಾದ ದಿನವೇ ಅವರು ನಿಮ್ಮನ್ನು ನಂಬಲಿಕ್ಕೆ ಶುರು ಮಾಡುತ್ತಾರೆ. ಗುಳೆ ಹೋಗುವ ಮಗುವಿನ ಕೈಗೆ ಒಂದು ನೋಟುಬುಕ್ಕು, ಬಣ್ಣದ ಪೆನ್ಸಿಲ್ ಕೊಟ್ಟು, ಅಲ್ಲಿ ಕಂಡ ಆಟ, ಹಾಡು ತಂದುಕೊಡು ಅಂತ ಹೇಳಿ ಕಳಿಸಿ. ನಮ್ಮ ಮೊದಲ ಗುಬ್ಬಕ್ಕ ಕಟ್ಟಡದ ಕಬ್ಬಿಣದ ಸರಳಿನ ಸಾಲು ಬರೆದುಕೊಂಡು ಬಂದಿದ್ದಳು. ಆ ವರ್ಷ ಗುಬ್ಬಕ್ಕನ ಮನೆಗೆ ಹದಿನಾಲ್ಕು ಅಂತಸ್ತು ಬಂದವು.