ನೀರು ಕಾಯಿಸುವ ರಾಡ್ ಹಿಡಿದು ಓಮ್, ವ್ಯಾಟ್ ಲೆಕ್ಕ

ರಾಡ್ ಮೊದಲಿನ ಹಾಗೆ ನೀರು ಕಾಯಿಸುತ್ತಿಲ್ಲ ಅಂದರೆ ಮೂರು ಅನುಮಾನ: ರಾಡ್ ಹೋಗಿದೆ, ಲೈನಿನಲ್ಲಿ ವೋಲ್ಟೇಜ್ ಇಲ್ಲ, ಇಲ್ಲವೇ ಎಲ್ಲೋ ಜಾಯಿಂಟ್ ಲೂಸಾಗಿದೆ. ಹೊಸ ರಾಡ್ ತರಲು ಹುಬ್ಬಳ್ಳಿಗೆ ಬಸ್ ಹತ್ತುವ ಮೊದಲು ಎರಡು ಅಂಕಿ ಅಳೆದರೆ ಯಾವುದು ಎಂದು ಗೊತ್ತಾಗುತ್ತದೆ.

ಸೂತ್ರ ಹೈಸ್ಕೂಲಿನಲ್ಲಿ ಓದಿದ್ದೇ.

ಓಮ್ = ವೋಲ್ಟ್ ÷ ಆಂಪಿಯರ್
ವ್ಯಾಟ್ = ವೋಲ್ಟ್ × ಆಂಪಿಯರ್

ಸೂತ್ರದಲ್ಲಿ ಯಾರೂ ತಪ್ಪುವುದಿಲ್ಲ. ತಪ್ಪುವುದು ಅದರೊಳಗೆ ಹಾಕುವ ಅಂಕಿಯಲ್ಲಿ.

ಮೊದಲು ರಾಡಿನ ಮೇಲೆ ಬರೆದದ್ದನ್ನು ಓದಿ. 230 ವೋಲ್ಟ್, 1500 ವ್ಯಾಟ್ ಎಂದಿದ್ದರೆ ಅದು ಎಳೆಯಬೇಕಾದ ಕರೆಂಟ್ 1500 ÷ 230 = 6.52 ಆಂಪಿಯರ್. (ಅಂದಮೇಲೆ 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಇದನ್ನು ಚುಚ್ಚಲೇಬಾರದು, 16 ಆಂಪಿಯರಿನದೇ ಬೇಕು.) ರೋಧ (ಓಮ್‌ನಲ್ಲಿ ಅಳೆಯುವುದು ಇದನ್ನೇ) 230 ÷ 6.52, ಅಂದರೆ ಸುಮಾರು 35 ಓಮ್. ಈ 35 ಅನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ವೋಲ್ಟೇಜ್ ಏರಲಿ ಇಳಿಯಲಿ, ರಾಡಿನ ಓಮ್ ಹೆಚ್ಚು ಬದಲಾಗುವುದಿಲ್ಲ.

ಇನ್ನು ಅಳತೆ. ಅಗ್ಗದ ಹಳದಿ ಮಲ್ಟಿಮೀಟರಿನಲ್ಲಿ ಎಸಿ ವೋಲ್ಟೇಜ್ ನೋಡಬಹುದು, 750ರ ರೇಂಜಿಗೆ ತಿರುಗಿಸಿ. ಆದರೆ ಅದರಲ್ಲಿ 10 ಆಂಪಿಯರ್ ಎಂದು ಬರೆದಿರುವ ತೂತು ಸಾಮಾನ್ಯವಾಗಿ ಡಿಸಿಗೆ ಮಾತ್ರ, ಎಷ್ಟೋ ಮೀಟರುಗಳಲ್ಲಿ ಅದಕ್ಕೆ ಫ್ಯೂಸೂ ಇರುವುದಿಲ್ಲ. ಕೆಂಪು ವೈರನ್ನು ಆ ತೂತಿನಲ್ಲೇ ಮರೆತು ಸಾಕೆಟ್ಟಿಗೆ ಹಿಡಿದರೆ ನೇರ ಶಾರ್ಟ್ ಸರ್ಕ್ಯೂಟ್. ಕರೆಂಟ್ ಅಳೆಯಲು ವೈರಿನ ಸುತ್ತ ಬಾಯಿ ಕಚ್ಚಿಸಿ ಹಿಡಿಯುವ ಕ್ಲ್ಯಾಂಪ್ ಮೀಟರೇ ಸರಿ.

ಕ್ಲ್ಯಾಂಪಿನ ಬಾಯೊಳಗೆ ಒಂದೇ ವೈರ್ ಇರಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ, ಮೀಟರ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಒಯ್ಯುವವರೂ ಇದ್ದಾರೆ. ಅದಕ್ಕಾಗಿ ಒಂದು 16 ಆಂಪಿಯರಿನ ಎಕ್ಸ್‌ಟೆನ್ಷನ್ ಕಾರ್ಡ್ ತೆಗೆದುಕೊಂಡು, ಪ್ಲಗ್ ಕಿತ್ತಿಟ್ಟು, ಹೊರಗಿನ ದಪ್ಪ ಹೊದಿಕೆಯನ್ನು ಮಾತ್ರ ಒಂದು ಗೇಣು ಸೀಳಿ ಒಳಗಿನ ಮೂರು ವೈರ್ ಬಿಡಿಸಿಕೊಳ್ಳಿ. ಒಳಗಿನ ಬಣ್ಣದ ಇನ್ಸುಲೇಷನ್ನಿಗೆ ಬ್ಲೇಡ್ ತಾಗಿದರೆ ಆ ಕಾರ್ಡ್ ಬಿಟ್ಟುಬಿಡಿ.

ರಾಡನ್ನು ನೀರಿನಲ್ಲಿ ಮುಳುಗಿಸಿ ಆಮೇಲೆ ಸ್ವಿಚ್ ಹಾಕಿ. ಎರಡು ನಿಮಿಷ ಬಿಟ್ಟು, ರಾಡ್ ಓಡುತ್ತಿರುವಾಗಲೇ ವೋಲ್ಟ್ ಮತ್ತು ಆಂಪಿಯರ್ ಎರಡನ್ನೂ ನೋಡಿ. ನೀರು ಮುಟ್ಟುವುದು ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ.

ಶಿರಹಟ್ಟಿ ಕಡೆಯ ತೋಟದ ಮನೆಯೊಂದರಲ್ಲಿ ಹೀಗೆ ಅಳತೆ ಬಂತು ಎಂದುಕೊಳ್ಳಿ: ರಾಡ್ ಹಚ್ಚುವ ಮೊದಲು 208 ವೋಲ್ಟ್, ಹಚ್ಚಿದ ಮೇಲೆ 190 ವೋಲ್ಟ್, 5.4 ಆಂಪಿಯರ್. ರೋಧ 190 ÷ 5.4 = 35.2 ಓಮ್. ಗೋಡೆಯ ಮೇಲಿನ ಅಂಕಿಗೆ ತಾಳೆಯಾಯಿತು, ರಾಡ್ ಗಟ್ಟಿ ಇದೆ. ವ್ಯಾಟ್ ಮಾತ್ರ 190 × 5.4 = 1026. 230ಕ್ಕೆ ಹೋಲಿಸಿದರೆ ವೋಲ್ಟೇಜ್ ಇಳಿದದ್ದು ಶೇ. 17, ಕಾವು ಇಳಿದದ್ದು ಸುಮಾರು ಮೂರನೇ ಒಂದು ಪಾಲು, ಯಾಕೆಂದರೆ ವೋಲ್ಟ್ ಕಡಿಮೆಯಾದಾಗ ಆಂಪಿಯರೂ ಜೊತೆಗೇ ಇಳಿಯುತ್ತದೆ. 15 ಲೀಟರ್ ನೀರು 20 ಡಿಗ್ರಿಯಿಂದ 45ಕ್ಕೆ ಏರಲು 1500 ವ್ಯಾಟಿಗೆ 17–18 ನಿಮಿಷ ಸಾಕು. ಇಲ್ಲಿ 25 ನಿಮಿಷ ದಾಟುತ್ತದೆ.

ಖಾಲಿ ಇದ್ದಾಗಿನ 208 ಅನ್ನೇ ಲೆಕ್ಕಕ್ಕೆ ಹಾಕಿದ್ದರೆ ರೋಧ 38.5 ಓಮ್ ಬಂದು, ಒಳ್ಳೆಯ ರಾಡನ್ನೇ ದೂರುತ್ತಿದ್ದಿರಿ.

ಹಚ್ಚಿದೊಡನೆ ಬಿದ್ದ ಆ 18 ವೋಲ್ಟ್ ಎಲ್ಲಿ ಹೋಯಿತು? 18 ÷ 5.4 = 3.3 ಓಮ್, ವೈರ್ ಮತ್ತು ಜಾಯಿಂಟುಗಳದ್ದು. ಅಲ್ಲಿ 18 × 5.4 = 97 ವ್ಯಾಟ್ ಸುಮ್ಮನೆ ಸುಡುತ್ತಿದೆ. ಲೈನೇ ಏರಿಳಿಯುತ್ತಿರಬಹುದು, ಹಾಗಾಗಿ ಮೂರು ಸಲ ಹಚ್ಚಿ ಆರಿಸಿ ನೋಡಿ. ಪ್ರತಿ ಸಲವೂ ಅಷ್ಟೇ ಬಿದ್ದರೆ ವೈರಿಂಗ್ ಹುಡುಕಬೇಕು. 1.5 ಚದರ ಮಿಲಿಮೀಟರಿನ ತಾಮ್ರದ ವೈರಿಗೆ 100 ಮೀಟರಿಗೆ ಸುಮಾರು 1.3 ಓಮ್; ಕರೆಂಟ್ ಮೀಟರಿನಿಂದ ಮನೆಗೆ 50 ಮೀಟರ್ ದೂರವಿದ್ದರೆ ಹೋಗಿ ಬರುವ ದಾರಿ ಸೇರಿ ಅದೇ 100 ಮೀಟರ್. ಉಳಿದ 2 ಓಮ್ ಲೂಸ್ ಸ್ಕ್ರೂ, ಕಪ್ಪಾದ ಸಾಕೆಟ್, ಟೇಪ್ ಸುತ್ತಿದ ಜಾಯಿಂಟ್ ಅಥವಾ ಕಂಬದಿಂದ ಬರುವ ಸರ್ವೀಸ್ ವೈರಿನಲ್ಲಿದೆ. ಮೇನ್ ಆಫ್ ಮಾಡಿ ಸ್ಕ್ರೂ ಬಿಗಿ ಮಾಡಿ. ಕರೆಂಟ್ ಮೀಟರಿನ ಆಚೆ, ಕಂಬದ ಕಡೆಗಿನದು ಹೆಸ್ಕಾಂನವರ ಕೆಲಸ.

ಕ್ಲ್ಯಾಂಪ್ ಮೀಟರ್ ಇಲ್ಲವೇ? ಮನೆಯ ಕರೆಂಟ್ ಮೀಟರಿನ ಕೆಂಪು ದೀಪ ಎಣಿಸಿ. ಉಳಿದದ್ದೆಲ್ಲ ಆರಿಸಿ ರಾಡ್ ಒಂದನ್ನೇ ಹಚ್ಚಿ. ಒಂದು ಯೂನಿಟ್ಟಿಗೆ ದೀಪ ಎಷ್ಟು ಸಲ ಮಿಣುಕುತ್ತದೆ ಎಂಬುದು ಮೀಟರಿನ ಮೇಲೇ ಇರುತ್ತದೆ. 3200 ಇದೆ ಎನ್ನಿ. ಒಂದು ಯೂನಿಟ್ ಅಂದರೆ 36,00,000 ವ್ಯಾಟ್-ಸೆಕೆಂಡ್. 10 ಮಿಣುಕಿಗೆ 11 ಸೆಕೆಂಡ್ ಹಿಡಿದರೆ, 36,00,000 × 10 ÷ (3200 × 11) = 1023 ವ್ಯಾಟ್.

ಇಸ್ತ್ರಿ ಪೆಟ್ಟಿಗೆ, ಗೀಸರ್ ಎಲ್ಲಕ್ಕೂ ಇದೇ ಲೆಕ್ಕ. ಹಳೆಯ ತಂತಿ ಬಲ್ಬಿನ ಓಮನ್ನು ಮಾತ್ರ ಆರಿಸಿ ಅಳೆಯಬೇಡಿ: 60 ವ್ಯಾಟ್ ಬಲ್ಬ್ ಉರಿಯುವಾಗ 880 ಓಮ್, ತಣ್ಣಗಿರುವಾಗ ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ.

ಬೋರಿನ ಮೋಟರಿಗೆ, ಬ್ಯಾಡಗಿಯ ಖಾರದ ಗಿರಣಿಗೆ ಈ ಲೆಕ್ಕ ನಡೆಯುವುದಿಲ್ಲ. ತ್ರೀ ಫೇಸಿನಲ್ಲಿ ವ್ಯಾಟ್ = 1.732 × ವೋಲ್ಟ್ × ಆಂಪಿಯರ್ × ಪವರ್ ಫ್ಯಾಕ್ಟರ್ (ವೋಲ್ಟ್-ಆಂಪಿಯರ್ ಗುಣಲಬ್ಧದಲ್ಲಿ ನಿಜವಾದ ವ್ಯಾಟ್ ಆಗುವ ಪಾಲು). 400 ವೋಲ್ಟ್, 9 ಆಂಪಿಯರ್, ಪವರ್ ಫ್ಯಾಕ್ಟರ್ 0.8 ಇದ್ದರೆ ಸುಮಾರು 4990 ವ್ಯಾಟ್. ಅಲ್ಲಿ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ವೈಂಡಿಂಗಿನ (ಮೋಟರಿನೊಳಗಿನ ತಂತಿ ಸುತ್ತಿನ) ರೋಧ ಸಿಗದು. ಇನ್ನೊಂದು ತಿರುವು ಇದೆ: ವೋಲ್ಟೇಜ್ ಇಳಿದರೆ ರಾಡ್ ಕರೆಂಟ್ ಕಡಿಮೆ ಎಳೆಯುತ್ತದೆ, ಹೊರೆ ಹೊತ್ತ ಮೋಟರ್ ಹೆಚ್ಚು ಎಳೆಯುತ್ತದೆ. ಸ್ಟಾರ್ಟರ್ ಪದೇ ಪದೇ ಟ್ರಿಪ್ ಆಗುತ್ತದೆಂದು ಕರೆಂಟ್ ಮಿತಿ ಮೀರಿದಾಗ ಆರಿಸುವ ರಿಲೇಯ ಮಿತಿಯನ್ನು ಏರಿಸಿಟ್ಟರೆ ಸುಡುವುದು ವೈಂಡಿಂಗ್.