ಹೋಗುವಾಗ 20 ನಿಮಿಷ, ಬರುವಾಗ 2 ಗಂಟೆ 20 ನಿಮಿಷ!

ಸ್ಪೇನಿನ ಮ್ಯಾಡ್ರಿಡ್‌ನಿಂದ ಪೋರ್ಚುಗಲ್ಲಿನ ಲಿಸ್ಬನ್‌ಗೆ ವಿಮಾನದ ಟಿಕೆಟ್ ನೋಡುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಹೊರಡುವುದು ಬೆಳಿಗ್ಗೆ 10ಕ್ಕೆ, ತಲುಪುವುದು 10.20ಕ್ಕೆ. ವಾಪಸ್ ಬರುವ ವಿಮಾನ ಸಂಜೆ 5ಕ್ಕೆ ಹೊರಟು 7.20ಕ್ಕೆ ತಲುಪುತ್ತದೆ. ಅದೇ ದಾರಿ, ಅದೇ ದೂರ. ಮೊದಲ ಸಲ ಇಂಥದ್ದನ್ನು ಕಂಡಾಗ ಎಲ್ಲೋ ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಆದರೆ ಎರಡೂ ಸರಿ. ಪೆನ್ನು, ಹಾಳೆ ತಗೊಳ್ಳಿ, ಲೆಕ್ಕ ಹಾಕೋಣ.

ಮೊದಲು ದೂರ. ರಸ್ತೆಯಲ್ಲಿ ಹೋದರೆ ಸುಮಾರು 625 ಕಿ.ಮೀ. ಆದರೆ ವಿಮಾನಕ್ಕೆ ಬೇಕಿರುವುದು ನೇರ ದೂರ. ಎರಡೂ ಊರಿನ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಮ್ಯಾಡ್ರಿಡ್ 40.4 ಡಿಗ್ರಿ ಉತ್ತರ, 3.7 ಪಶ್ಚಿಮ. ಲಿಸ್ಬನ್ 38.7 ಉತ್ತರ, 9.1 ಪಶ್ಚಿಮ. ಅಕ್ಷಾಂಶದ ವ್ಯತ್ಯಾಸ 1.7. ಒಂದು ಡಿಗ್ರಿಗೆ 111 ಕಿ.ಮೀ., ಅಂದರೆ 189. ರೇಖಾಂಶದ ವ್ಯತ್ಯಾಸ 5.4. ಇಲ್ಲಿ 111 ಹಾಕಬೇಡಿ! ಕಿತ್ತಳೆ ಸುಲಿದಾಗ ತೊಳೆಗಳು ತುದಿಗೆ ಹೋಗ್ತಾ ಸಣ್ಣಗಾಗುತ್ತವಲ್ವಾ, ರೇಖಾಂಶಗಳೂ ಹಾಗೇ ಧ್ರುವದ ಕಡೆಗೆ ಒತ್ತೊತ್ತಾಗುತ್ತವೆ. ಸ್ಪೇನ್ ಇರುವ ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿ ಅಂದರೆ ಸುಮಾರು 85 ಕಿ.ಮೀ. ಅಷ್ಟೇ. ಒಟ್ಟು 459.

ಇನ್ನು ಸ್ಕೂಲಿನ ಪೈಥಾಗೊರಸ್. 189ರ ವರ್ಗ, 459ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 496. ಐನೂರು ಅನ್ನಿ. ಬೆಂಗಳೂರು–ಹೈದರಾಬಾದ್ ನೇರ ದೂರವೂ ಹೆಚ್ಚುಕಡಿಮೆ ಇಷ್ಟೇ. ಲಿಸ್ಬನ್–ಹೆಲ್ಸಿಂಕಿಯಂಥ ದೂರದ ಊರುಗಳಿಗೆ ಈ ಉಪಾಯ ನಡೆಯುವುದಿಲ್ಲ, ಭೂಮಿ ಗುಂಡಗಿದೆಯಲ್ಲ. ಆಗ ಗ್ಲೋಬಿನ ಮೇಲೆ ದಾರ ಎಳೆದು ಅಳೆಯುವುದೇ ಸುಲಭ.

ಆಮೇಲೆ ಸಮಯ. ಮೇಲೇರಿದ ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಓಡುತ್ತದೆ ಅಂದುಕೊಂಡರೆ 500ಕ್ಕೆ 38 ನಿಮಿಷ. ಏರುವಾಗ, ಇಳಿಯುವಾಗ ವೇಗ ಕಡಿಮೆ. ರನ್‌ವೇವರೆಗೆ ಉರುಳಿಕೊಂಡು ಹೋಗಬೇಕು, ಸರದಿ ಕಾಯಬೇಕು. ಅದಕ್ಕೆಲ್ಲ 40 ನಿಮಿಷ ಸೇರಿಸಿ. ಹತ್ತಿರ ಹತ್ತಿರ 1 ಗಂಟೆ 20 ನಿಮಿಷ. ಪಶ್ಚಿಮಕ್ಕೆ ಹೋಗುವಾಗ ಸಾಮಾನ್ಯವಾಗಿ ಎದುರುಗಾಳಿ. ಇಷ್ಟು ಸಣ್ಣ ದಾರಿಯಲ್ಲಿ ಅದರಿಂದ ಒಂದೆರಡು ನಿಮಿಷ ಆಚೀಚೆ ಆದೀತು.

ಕೊನೆಗೆ ಗಡಿಯಾರ. ಲಿಸ್ಬನ್ ಮ್ಯಾಡ್ರಿಡ್‌ಗಿಂತ ಒಂದು ಗಂಟೆ ಹಿಂದೆ. ಹೋಗುವಾಗ 1.20ರಲ್ಲಿ ಒಂದು ಗಂಟೆ ಕಳೆಯಿರಿ, ಬರುವಾಗ ಕೂಡಿಸಿ. ಟಿಕೆಟ್‌ನ ಗುಟ್ಟು ಇಷ್ಟೇ. ನಿಜ ಹೇಳಬೇಕೆಂದರೆ, ಸೂರ್ಯನ ಲೆಕ್ಕದಲ್ಲಿ ಸ್ಪೇನ್ ಲಂಡನ್ನಿನ ಸಮಯದಲ್ಲೇ ಇರಬೇಕಿತ್ತು. 1940ರಲ್ಲಿ ಅಲ್ಲಿನ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತು, ಅದು ಹಾಗೇ ಉಳಿಯಿತು. ಪೋರ್ಚುಗಲ್ ಕೂಡ 1992ರಿಂದ 1996ರವರೆಗೆ ಅದೇ ಸಮಯ ಇಟ್ಟುಕೊಂಡು ನೋಡಿ, ಸುಮ್ನೆ ಹಳೆಯದಕ್ಕೇ ಮರಳಿತು. ಬೇಸಿಗೆಗೆ ಗಡಿಯಾರ ಬದಲಿಸುವುದು ಎರಡೂ ದೇಶ ಒಟ್ಟಿಗೇ, ಹಾಗಾಗಿ ಈ ಒಂದು ಗಂಟೆ ವರ್ಷವಿಡೀ ಇರುತ್ತದೆ.

ಮನೆ ಬಾಗಿಲಿಂದ ಹೋಟೆಲ್ ಬಾಗಿಲವರೆಗಿನ ಲೆಕ್ಕ ಬೇರೆ. ಎರಡು ಗಂಟೆ ಮೊದಲೇ ಏರ್‌ಪೋರ್ಟ್ ಸೇರಬೇಕು. ಎರಡೂ ಕಡೆ ಮೆಟ್ರೊ ಏರ್‌ಪೋರ್ಟ್‌ವರೆಗೆ ಬರುತ್ತದೆ, ಲಿಸ್ಬನ್‌ನದಂತೂ ಊರೊಳಗೇ ಇದೆ. ಆದರೂ ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ. ಇಳಿದ ಮೇಲೆ ಫೋನು ತಾನೇ ಸಮಯ ಬದಲಿಸಿಕೊಳ್ಳುತ್ತದೆ. ಕೈಗಡಿಯಾರ ಕಟ್ಟುವವರು ಮಾತ್ರ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ.