ಬೆಳ್ಳಕ್ಕಿಯ ಗರಿ ಉಳಿಸಿಕೊಳ್ಳುವ ಲೆಕ್ಕ

ರಂಗನತಿಟ್ಟಿಗೆ ಹೋದಾಗ ನಾನು ಕ್ಯಾಮೆರಾವನ್ನು ಎಲ್ಲ ಕೈಯಾರೆ ಹೊಂದಿಸುವ ಮ್ಯಾನುಯಲ್ ಮೋಡ್‌ಗೆ ಹಾಕಿಬಿಡುತ್ತೇನೆ, ಆಟೋ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆಯನ್ನು ಕ್ಯಾಮೆರಾವೇ ಬದಲಿಸುವುದು) ಕೂಡ ಆಫ್. ಯಾಕೆಂದರೆ ಅಲ್ಲಿ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್‌ನ ಮಾತು ಕೇಳಿದರೆ ಕೆಟ್ಟಿರಿ.

ಮೀಟರ್ ಸಾಮಾನ್ಯವಾಗಿ ಕಂಡದ್ದನ್ನೆಲ್ಲ ನಡುವಣ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಮರದ ನೆರಳು ಬಿದ್ದ ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ನಿಂತಿದೆ ಅನ್ನಿ. ಕತ್ತಲು ಜಾಸ್ತಿ ಅಂದುಕೊಂಡು ಅದು ಬೆಳಕು ಸುರಿಯುತ್ತದೆ. ನೀರು ಚೆನ್ನಾಗಿ ಬರುತ್ತದೆ, ಹಕ್ಕಿ ಮಾತ್ರ ಸುಣ್ಣ ಬಳಿದ ಗೋಡೆ! ಗರಿಯ ಒಂದು ಗೆರೆಯೂ ಉಳಿಯುವುದಿಲ್ಲ. ಅದೇ ಹಕ್ಕಿ ಹಾರಿ ಬೆಳ್ಳನೆ ಆಕಾಶದ ಎದುರು ಬಂದರೆ ಈಗ ಮಂಕಾಗುತ್ತದೆ. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಮೊದಲಿನಷ್ಟೇ ಇದೆ, ಅಲ್ವಾ? ಹಾಗಾಗಿ ನಾನು ಆ ಬಿಸಿಲನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇನೆ.

ಇದಕ್ಕೆ ಫಿಲ್ಮ್ ಕಾಲದ ಒಂದು ಸೂತ್ರ ಸಾಕು. ಒಳ್ಳೆ ಬಿಸಿಲಿನಲ್ಲಿ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/16, ಐಎಸ್‌ಒ 400 ಇದ್ದರೆ ಶಟರ್ ತೆರೆದಿರುವುದು 1/400 ಸೆಕೆಂಡ್. ಆದರೆ ದೋಣಿ ಅಲುಗಾಡುತ್ತದೆ, ಹಕ್ಕಿ ರೆಕ್ಕೆ ಬಡಿಯುತ್ತದೆ, 1/400 ಎಲ್ಲಿ ಸಾಕು? ಅಪರ್ಚರನ್ನು ಎಫ್/8ಕ್ಕೆ ತೆರೆಯುತ್ತೇನೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು, ಇದು ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು. ಶಟರ್ ವೇಗವನ್ನೂ ನಾಲ್ಕು ಪಟ್ಟು ಏರಿಸಿ 1/1600 ಮಾಡಿದರೆ ಸರಿಹೋಯಿತು. ಬೆಳ್ಳಕ್ಕಿಗೆ, ಚಮಚದ ಕೊಕ್ಕಿನ ಹಕ್ಕಿಗೆ ಇನ್ನೂ ಕೊಂಚ ಕಮ್ಮಿ ಬೆಳಕು ಸಾಕು, 1/2500. ಬಂಡೆ ಮೇಲೆ ರೆಕ್ಕೆ ಒಣಗಿಸುವ ಕಪ್ಪು ನೀರುಕಾಗೆ ಸಿಕ್ಕರೆ ಬೆಳಕು ಜಾಸ್ತಿ ಬೇಕು, 1/1000ಕ್ಕೆ ಇಳಿಸುತ್ತೇನೆ. ಬೆಳಗಿನ ಎಳೆಬಿಸಿಲಿಗೆ ಈ ಲೆಕ್ಕ ಸಾಲದು, ಒಂದು ಸ್ಟಾಪ್ ಜಾಸ್ತಿ ಬೇಕು.

ಮೊದಲ ಫೋಟೋ ತೆಗೆದ ಕೂಡಲೇ ಪರದೆ ನೋಡುತ್ತೇನೆ. ಹೈಲೈಟ್ ಎಚ್ಚರಿಕೆ ಆನ್ ಇರುವುದರಿಂದ ಬಿಳುಪು ಮಿತಿ ದಾಟಿದ ಕಡೆ ಮಿನುಗುತ್ತದೆ. ಹಕ್ಕಿಯ ಬೆನ್ನು ಮಿನುಗಿದರೆ ಶಟರ್ ಚಕ್ರ ಒಂದು ಕಟಕ್ ಮುಂದೆ. ನೀರಿನ ಹೊಳಪು ಮಿನುಗಿದರೆ ಸುಮ್ನೆ ಬಿಡುತ್ತೇನೆ. ಹಿನ್ನೆಲೆ ಕಪ್ಪಗಾಯಿತು ಅಂತ ಚಿಂತೆ ಮಾಡುವುದಿಲ್ಲ. ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಚಿತ್ರ) ನೆರಳನ್ನು ಬೆಳಗಿಸಿ ಎತ್ತಬಹುದು, ಪೂರ್ತಿ ಸುಟ್ಟುಹೋದ ಗರಿ ವಾಪಸ್ ಬರಲ್ಲ.

ಮೋಡ ಬಂದರೆ ಈ ಅಂಕಿಗಳೆಲ್ಲ ಬದಲಾಗುತ್ತವೆ. ದಟ್ಟ ಮೋಡವಿದ್ದರೆ ಮೂರು ಸ್ಟಾಪ್ ಬೇಕಾದೀತು. ಆಗ ನಾನು ಶಟರ್ ಮುಟ್ಟುವುದಿಲ್ಲ, ಐಎಸ್‌ಒವನ್ನು 3200ಕ್ಕೆ ಏರಿಸುತ್ತೇನೆ. ಫೋಟೋದಲ್ಲಿ ಒಂದಿಷ್ಟು ಕಾಳುಕಾಳು ಕಂಡರೂ ಪರವಾಗಿಲ್ಲ, ಅಲುಗಿದ ಕಣ್ಣು ಮಾತ್ರ ನನಗಾಗದು.